ಕಡವು ಮತ್ತು ರಹದಾರಿ: ಕುಂದಾಪುರ ಕರಾವಳಿಯಲ್ಲಿ ಪರದೇಶದ ಪಯಣಿಗರು

ಶಿರೂರಿನಿಂದ ಬ್ರಹ್ಮಾವರದ ತನಕ ಕರಾವಳಿಯ ಉದ್ದ ಸುಮಾರು 60 ಕಿಲೋಮೀಟರು. ಇಷ್ಟು ದೂರವನ್ನು ಇಂದು ಒಂದೂವರೆ ಗಂಟೆಯೊಳಗೆ ಕ್ರಮಿಸಬಹುದು. ಆದರೆ ನೂರು ವರ್ಷಗಳ ಹಿಂದಿನ ತನಕ ಈ ನೆಲವನ್ನು ಯಾರೂ ಹರದಾರಿಗಳಲ್ಲಿ ಅಳೆಯುತ್ತಿರಲಿಲ್ಲ, ಎಷ್ಟು ಹೊಳೆ ದಾಟಬೇಕು ಎಂದು ಕೇಳುತ್ತಿದ್ದರು. ಬ್ರಹ್ಮಾವರದ ಆಸುಪಾಸಿನಲ್ಲಿ ಸ್ವರ್ಣಾ, ಸೀತಾ, ಮಡಿಸಾಲು. ಕುಂದಾಪುರ ಗಂಗೊಳ್ಳಿಗಳ ನಡುವೆ ವಾರಾಹಿ, ಚಕ್ರಾ, ಸೌಪರ್ಣಿಕಾ, ಕುಬ್ಜಾ, ಖೇಟಾ ಕೂಡಿ ಆಗುವ ಪಂಚಗಂಗಾವಳಿ. ಬಡಗಿನಲ್ಲಿ ಬೈಂದೂರು ಹೊಳೆ. ಘಟ್ಟದಿಂದ ಇಳಿದ ಈ ನೀರೆಲ್ಲ ಕಡಲಿಗೆ ಹತ್ತಿರವಾದಂತೆ ಅಗಲವಾಗಿ, ಉಬ್ಬರದ ಹೊತ್ತಿಗೆ ಉಪ್ಪಾಗಿ, ನಡುವೆ ಕುದ್ರು ಎಂಬ ನಡುಗಡ್ಡೆಗಳನ್ನು ಬಿಟ್ಟುಕೊಂಡು ಅಳಿವೆ ಸೇರುತ್ತದೆ. ಇಂಥ ಕಡೆ ಹೊರಗಿನಿಂದ ಬಂದವನಿಗೆ ಎರಡು ಸಂಗತಿಗಳು ಬೇಕಾಗುತ್ತಿದ್ದವು: ಮುಂದೆ ಹೋಗಲು ಆಳುವವರ ಅಪ್ಪಣೆ, ಹೊಳೆ ದಾಟಿಸಲು ಊರವರ ಕೈ. ಇಲ್ಲಿ ಓಡಾಡಿದ ವಿದೇಶಿಯರ ಬರಹಗಳನ್ನು ಸಾಲಾಗಿ ಓದಿದರೆ, ಏಳು ಶತಮಾನಗಳ ಉದ್ದಕ್ಕೂ ಕಾಣುವುದು ಇವೆರಡೇ.

ವಿದೇಶಿಯರು ಇಲ್ಲಿಗೆ ಹೊಸಬರೇನೂ ಆಗಿರಲಿಲ್ಲ. ಬಾರಕೂರು ಆಳುಪರ ರಾಜಧಾನಿ. ಬಸರೂರು ವಾರಾಹಿಯ ದಡದ ದೊಡ್ಡ ಪೇಟೆ. ಬಸರೂರಿನ ಪಡುಕೇರಿ, ಮೂಡುಕೇರಿಗಳ ಸೆಟ್ಟಿಕಾರರ ಹೆಸರು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕರಾವಳಿಯ ಶಾಸನಗಳಲ್ಲಿ ಕಾಣುವ ಹಂಜಮಾನ ಎಂಬುದು ಕಡಲಾಚೆಯಿಂದ ಬಂದ ವರ್ತಕರ ಕೂಟ. ಅರಬ್ಬೀ ಸಮುದ್ರದ ಆಚೆ ದಡದಿಂದ ಕುದುರೆ ತಂದವರು ಇಲ್ಲಿಂದ ಅಕ್ಕಿ, ಮೆಣಸು ಒಯ್ದರು. ಅವರಲ್ಲಿ ಬಹಳ ಮಂದಿ ಪೇಟೆಯಲ್ಲೇ ಉಳಿದು, ಮಳೆಗಾಲ ಕಳೆದು, ನೂಲ ಹುಣ್ಣಿಮೆಯ ನಂತರ ಕಡಲು ತಣಿದ ಮೇಲೆ ಹಡಗು ಹತ್ತುತ್ತಿದ್ದರು. ವ್ಯಾಪಾರಕ್ಕೆ ಬಂದವರು ಲೆಕ್ಕ ಬರೆದರು, ದಾರಿಯ ಬಗ್ಗೆ ಬರೆಯಲಿಲ್ಲ. ದಾರಿಯ ಬಗ್ಗೆ ಬರೆಯಲು ವ್ಯಾಪಾರವಿಲ್ಲದ ಒಬ್ಬ ಬರಬೇಕಾಯಿತು.

ಅವನು ಮೊರಾಕ್ಕೋದ ಇಬ್ನ್ ಬತೂತಾ. ದಿಲ್ಲಿಯ ಮಹಮ್ಮದ್ ಬಿನ್ ತುಘಲಕ್ 1342ರಲ್ಲಿ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ. ಗುಜರಾತಿನಿಂದ ಹಡಗು ಹತ್ತಿ, ಹೊನ್ನಾವರ ಕಳೆದು ಬಂದ ಅವನು ಮೊದಲು ಮುಟ್ಟಿದ್ದು ಅಬೂ ಸರೂರ್. ಎರಡು ದಿನಗಳ ನಂತರ ಫಾಕನೂರ್. ಮೊದಲನೆಯದನ್ನು ಬಸರೂರೆಂದೂ ಎರಡನೆಯದನ್ನು ಬಾರಕೂರೆಂದೂ ವಿದ್ವಾಂಸರು ಗುರುತಿಸಿದ್ದಾರೆ. ಬಸರೂರು ಅವನಿಗೆ ದೊಡ್ಡ ಹಿನ್ನೀರಿನ ದಡದಲ್ಲಿ ತೆಂಗು ತುಂಬಿದ ಚಿಕ್ಕ ಊರಾಗಿ ಕಂಡಿತು. ಬಾರಕೂರು ದೊಡ್ಡದು, ಅಲ್ಲಿಯ ಕಬ್ಬಿಗೆ ಆ ಸೀಮೆಯಲ್ಲೇ ಸಾಟಿಯಿಲ್ಲ ಎಂದು ಬರೆದ. ಅಲ್ಲಿಯ ಅರಸನನ್ನು ಬಾಸದೇವ ಎಂಬಂಥ ಹೆಸರಿನಿಂದ ಕರೆದಿದ್ದಾನೆ, ವಾಸುದೇವ ಇರಬೇಕು. ಅರಸನಿಗೆ ಮೂವತ್ತರಷ್ಟು ಯುದ್ಧದ ಹಡಗುಗಳು. ಅವುಗಳ ಮುಖ್ಯಸ್ಥ ಲೂಲಾ ಎಂಬವನನ್ನು ಬತೂತಾ ಕಡಲ್ಗಳ್ಳ ಎಂದೇ ಹಳಿಯುತ್ತಾನೆ.

ಬಾರಕೂರಿನಲ್ಲಿ ಬತೂತಾ ಕಂಡದ್ದು ಆ ಕಾಲದ ಪ್ರವೇಶಪತ್ರದ ವ್ಯವಸ್ಥೆ. ಹಡಗು ಲಂಗರು ಹಾಕಿದೊಡನೆ ಅರಸ ತನ್ನ ಮಗನನ್ನೇ ಒತ್ತೆಯಾಗಿ ಹಡಗಿಗೆ ಕಳುಹಿಸಿದ. ಆಮೇಲೆ ಅತಿಥಿಗಳು ದಡಕ್ಕಿಳಿದರು; ಮೂರು ರಾತ್ರಿ ಭರ್ಜರಿ ಉಪಚಾರ ನಡೆಯಿತು. ದಿಲ್ಲಿಯ ಸುಲ್ತಾನನ ಮೇಲಿನ ಗೌರವ ಒಂದು ಕಾರಣವಾದರೆ, ಹಡಗಿನವರ ಜೊತೆ ನಾಲ್ಕು ಕಾಸಿನ ವ್ಯಾಪಾರವಾದೀತೆಂಬ ಆಸೆ ಇನ್ನೊಂದು ಎಂದು ಬತೂತಾ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಈ ತೀರದಲ್ಲಿ ಯಾವ ಹಡಗು ಹಾದರೂ ಊರೂರಿಗೆ ನಿಂತು ಅರಸನಿಗೆ ಕಾಣಿಕೆ ಒಪ್ಪಿಸಬೇಕಿತ್ತು. ಅದು ಬಂದರಿನ ಹಕ್ಕು. ತಪ್ಪಿಸಿ ಹೋದವರನ್ನು ಬೆನ್ನಟ್ಟಿ ಎಳೆತಂದು, ಸುಂಕ ಇಮ್ಮಡಿ ಮಾಡಿ, ತಮಗೆ ಬೇಕೆನಿಸುವಷ್ಟು ದಿನ ಹಿಡಿದಿಡುತ್ತಿದ್ದರು.

ನೆಲದ ಮೇಲಿನ ಪಯಣದ ಬಗ್ಗೆ ಅವನು ಕೊಡುವ ಚಿತ್ರ ಬಂದರಿನ ಈ ಒರಟುತನಕ್ಕೆ ತೀರ ಬೇರೆ. ಗೋವೆಯಿಂದ ಕೊಲ್ಲಂವರೆಗಿನ ಇಡೀ ತೀರವನ್ನು ಅವನು ಮಲಬಾರ್ ಎಂದೇ ಕರೆಯುತ್ತಾನೆ. ನಡೆದು ಹೋದರೆ ಎರಡು ತಿಂಗಳ ದಾರಿ, ಉದ್ದಕ್ಕೂ ಮರಗಳ ನೆರಳು. ಅರ್ಧ ಮೈಲಿಗೊಂದು ಮರದ ಮನೆ, ಅದರಲ್ಲಿ ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಆಳು. ತನ್ನವರಿಗೆ ಪಾತ್ರೆಯಲ್ಲಿ ಕೊಡುತ್ತಿದ್ದ ಅವನು ಮುಸಲ್ಮಾನ ದಾರಿಹೋಕರಿಗೆ ಬೊಗಸೆಗೆ ಎತ್ತಿ ಹೊಯ್ಯುತ್ತಿದ್ದ. ಮಡಿಯೂ ಉಳಿಯಿತು, ಬಾಯಾರಿಕೆಯೂ ತೀರಿತು. ರಾತ್ರಿ ತಂಗಲು, ಉಣ್ಣಲು ಮುಸಲ್ಮಾನರ ಮನೆಗಳನ್ನೇ ಹುಡುಕಿಕೊಳ್ಳಬೇಕಿತ್ತು. ಈ ದಾರಿಯಲ್ಲಿ ಯಾರೂ ಪ್ರಾಣಿಯ ಮೇಲೇರಿ ಹೋಗುವುದಿಲ್ಲ, ಕುದುರೆ ಇರುವುದು ಅರಸನ ಬಳಿ ಮಾತ್ರ. ಉಳ್ಳವರು ಹೆಗಲ ಮೇಲೆ ಹೊತ್ತೊಯ್ಯುವ ಡೋಲಿಯಲ್ಲಿ, ಇಲ್ಲದವರು ಯಾರೇ ಆಗಿರಲಿ ಕಾಲ್ನಡಿಗೆಯಲ್ಲಿ. ಸರಕು ಸಾಗುವುದೂ ಆಳುಗಳ ಬೆನ್ನ ಮೇಲೆ. ಒಬ್ಬ ವರ್ತಕನ ಹಿಂದೆ ನೂರು ಮಂದಿ ಹೊರೆಯಾಳುಗಳು ಇದ್ದರೂ ಆಶ್ಚರ್ಯವಿಲ್ಲ. ಹನ್ನೆರಡು ಅರಸರ ಈ ನೆಲದಲ್ಲಿ ಒಬ್ಬರ ಗಡಿ ಮುಗಿದು ಇನ್ನೊಬ್ಬರದು ಶುರುವಾಗುವಲ್ಲಿ ಮರದ ಬಾಗಿಲು, ಅದರ ಮೇಲೆ ಆ ಕಡೆಯ ಅರಸನ ಹೆಸರು. ಇಷ್ಟಾಗಿಯೂ ಇದಕ್ಕಿಂತ ಭಯವಿಲ್ಲದ ದಾರಿಯನ್ನು ತಾನು ಕಂಡಿಲ್ಲ ಎನ್ನುತ್ತಾನೆ. ಬಿದ್ದ ತೆಂಗಿನಕಾಯಿಯನ್ನು ಒಡೆಯನಲ್ಲದೆ ಇನ್ನೊಬ್ಬರು ಮುಟ್ಟುವುದಿಲ್ಲ, ಏಕೆಂದರೆ ಕದ್ದವನಿಗೆ ಮರಣದಂಡನೆ. ದಾರಿಯ ಸುಖವನ್ನು ಹೊಗಳುವಾಗ ಅದರ ಬೆಲೆಯನ್ನೂ ಹೇಳಿದ ಅಪರೂಪದ ಪ್ರವಾಸಿ ಅವನು.

ಚಕ್ರದ ಗಾಡಿಯ ಮಾತು ಈ ವರ್ಣನೆಯಲ್ಲಿ ಎಲ್ಲಿಯೂ ಇಲ್ಲ. ಕೆಸರುಗದ್ದೆಯ ಅಂಚು, ಮುರಕಲ್ಲಿನ ದರೆ, ಮೈಲಿಗೊಂದು ತೋಡು, ನಾಲ್ಕು ತಿಂಗಳು ಬಿಡದ ಮಳೆ ಇರುವಲ್ಲಿ ಗಾಡಿ ಕಟ್ಟಿ ಪ್ರಯೋಜನವಿರಲಿಲ್ಲ. ಭಾರದ ಸರಕಿಗೆ ಹೊಳೆಯೇ ಹೆದ್ದಾರಿಯಾಗಿತ್ತು. ಘಟ್ಟದ ಬುಡದವರೆಗೆ ದೋಣಿ, ಅಲ್ಲಿಂದ ಮೇಲೆ ಹೇರೆತ್ತು ಮತ್ತು ತಲೆಹೊರೆ. ದಾರಿಯ ಪಕ್ಕದಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ, ಎದೆಯೆತ್ತರಕ್ಕೆ ನಿಲ್ಲಿಸಿದ ಹೊರೆ ಇಳಿಸುವ ಕಲ್ಲುಗಳು ಆ ಕಾಲದವು. ಇನ್ನೊಬ್ಬರ ನೆರವಿಲ್ಲದೆ ತಲೆಯ ಹೊರೆ ಇಳಿಸಿ ಮತ್ತೆ ಏರಿಸಿಕೊಳ್ಳಲು ಅದೇ ಸರಿಯಾದ ಎತ್ತರ.

ಮುಂದಿನ ಶತಮಾನದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಮಂಗಳೂರಿನಿಂದ ಘಟ್ಟ ಹತ್ತಿ ವಿಜಯನಗರಕ್ಕೆ ಹೋದ. ಮರಳುವಾಗ ಮತ್ತೆ ಕರಾವಳಿಗಿಳಿದು ಹೊನ್ನಾವರದಲ್ಲಿ ಹಡಗು ಹತ್ತಿದ. ಅವನ ಹೊತ್ತಿಗೆ ತೀರವೂ ಘಟ್ಟದ ಮೇಲೂ ಒಂದೇ ಸಾಮ್ರಾಜ್ಯ, ಹಾಗಾಗಿ ದಾರಿಯ ಗಡಿಬಾಗಿಲುಗಳ ಕಾಟ ಕಡಿಮೆ. ಪೋರ್ಚುಗೀಸರು ಬಂದ ಮೇಲೆ ಬಾಗಿಲು ಕಡಲಿಗೇ ಬಂತು. ಅವರ ಕಾರ್ತಾಜ್ ಎಂಬ ರಹದಾರಿ ಇಲ್ಲದ ಹಡಗನ್ನು ಹಿಡಿದು ಸರಕು ಸೆಳೆಯುವುದು ನ್ಯಾಯವೆಂದೇ ಅವರ ವಾದ. 1569ರಲ್ಲಿ ಅವರು ಬಸರೂರನ್ನು ಗೆದ್ದು ಕೆಳದಂಡೆಯಲ್ಲಿ ಕೋಟೆ ಹಿಡಿದರು. ಮೇಲಣ ಪೇಟೆ ದೇಶದ ಅರಸರದು, ಅಳಿವೆಯ ಕಡೆಯದು ಪೋರ್ಚುಗೀಸರದು, ಹೀಗೆ ಒಂದೇ ಹೆಸರಿನ ಎರಡು ಬಸರೂರುಗಳಾದವು.

ಈ ಎರಡೂ ಬಸರೂರುಗಳನ್ನು ಕಂಡು ಬರೆದವನು ರೋಮಿನ ಪಿಯೆತ್ರೋ ದೆಲ್ಲಾ ವಾಲ್ಲೆ. ಇಲ್ಲಿಗೆ ಬಂದ ಹಳೆಯ ವಿದೇಶಿಯರಲ್ಲಿ ಇಂದಿನ ಅರ್ಥದ ಪ್ರವಾಸಿ ಎನ್ನಬಹುದಾದವನು ಇವನೊಬ್ಬನೇ. ಮಾರಲು ಸರಕಿಲ್ಲ, ಸಾರಲು ಮತವಿಲ್ಲ, ಸಾಧಿಸಲು ರಾಜಕಾರ್ಯವಿಲ್ಲ. ನೋಡಬೇಕೆಂಬ ಹಂಬಲ ಒಂದೇ. 1614ರಲ್ಲಿ ವೆನಿಸ್ ಬಿಟ್ಟವನು ತುರ್ಕಿ, ಈಜಿಪ್ಟ್, ಪರ್ಷಿಯಾ ಸುತ್ತಿ ಭಾರತಕ್ಕೆ ಬಂದ. ದಾರಿಯಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ಕೆಡದಂತೆ ಪೆಟ್ಟಿಗೆಯಲ್ಲಿಟ್ಟು ರೋಮಿನವರೆಗೂ ಒಯ್ದ ವಿಚಿತ್ರ ಮನುಷ್ಯ. 1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ಚುಗೀಸರು ಕೆಳದಿಯ ವೆಂಕಟಪ್ಪ ನಾಯಕನಲ್ಲಿಗೆ ಕಳುಹಿಸಿದ ನಿಯೋಗದ ಜೊತೆ ಅವನೂ ಸೇರಿಕೊಂಡ. ನಾಯಕನ ರಾಯಭಾರಿಯಾಗಿ ಗೋವೆಗೆ ಹೋಗಿದ್ದ ವಿಠಲ ಶೆಣೈ ಅದೇ ತಂಡದಲ್ಲಿ ಹಿಂದಿರುಗುತ್ತಿದ್ದ. ಭಾಷೆಗೆ, ಊಟಕ್ಕೆ, ದಾರಿಗೆ ವಿದೇಶಿಯರು ಇಂಥ ಒಬ್ಬ ಶೆಣೈಯನ್ನು ಆತುಕೊಂಡದ್ದು ಅದೇ ಮೊದಲಲ್ಲ, ಕೊನೆಯೂ ಅಲ್ಲ.

ಹೊನ್ನಾವರದಲ್ಲಿ ತಂಡ ದಿನಗಟ್ಟಲೆ ಕಾಯಬೇಕಾಯಿತು. ನಾಯಕನಿಂದ ಕರೆ ಬರುವವರೆಗೆ ಘಟ್ಟ ಹತ್ತುವಂತಿರಲಿಲ್ಲ. ಬಳಿಕ ಗೇರುಸೊಪ್ಪೆಯವರೆಗೆ ಹೊಳೆಯಲ್ಲಿ ದೋಣಿ. ಆ ಹೊಳೆಯ ಚೆಲುವನ್ನು ದೆಲ್ಲಾ ವಾಲ್ಲೆ ಮನದುಂಬಿ ಕೊಂಡಾಡಿದ. ನಾಯಕನ ರಾಜಧಾನಿ ಇಕ್ಕೇರಿಯಲ್ಲಿ ಪೇಟೆ, ಅರಮನೆ, ಕೋಲಾಟ, ಜಾತ್ರೆ ಎಲ್ಲವನ್ನೂ ನೋಡಿ, ನವೆಂಬರ್ 22ರಂದು ಅಲ್ಲಿಂದ ಒಂದು ದೀರ್ಘ ಪತ್ರ ಬರೆದ. ಅಲ್ಲಿಗೆ ನಿಯೋಗದ ಜೊತೆಗಿನ ನಂಟು ಬಿಟ್ಟು, ಸ್ವಂತ ಲೆಕ್ಕದ ಮೇಲೆ ಘಟ್ಟ ಇಳಿದು ಬಸರೂರಿಗೆ ಬಂದ. ಮೇಲಣ ಬಸರೂರು ನಾಯಕನ ಅಧೀನದ ಒಳನಾಡ ಪೇಟೆ, ಕೆಳಗಣದು ಕಡಲ ಬದಿಯ ಪೋರ್ಚುಗೀಸ್ ನೆಲೆ. ನಡುವಿನ ಅಲ್ಪ ದೂರದಲ್ಲಿ ಅವನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಬಂದಂತಾಯಿತು. ಅಲ್ಲಿಂದ ಮಂಗಳೂರಿಗೆ ಹಿಡಿದದ್ದು ಸಮುದ್ರದ ದಾರಿ. ಡಿಸೆಂಬರ್ 9ರ ಪತ್ರ ಮಂಗಳೂರಿನಿಂದ ಬರೆದದ್ದು. ಮುಂದೆ ಉಳ್ಳಾಲದ ರಾಣಿಯನ್ನು ಮಾತಾಡಿಸಿ, ಕದ್ರಿಯ ಜೋಗಿಗಳ ಅರಸನನ್ನು ಕಂಡು ಬಂದ. ಘಟ್ಟ ಇಳಿದವನು ನೆಲದ ಮೇಲೆ ತೆಂಕಕ್ಕೆ ನಡೆಯದೆ ದೋಣಿ ಹತ್ತಿದ್ದು ಗಮನಿಸಬೇಕಾದ ಸಂಗತಿ. ನಡೆದಿದ್ದರೆ ಮಂಗಳೂರಿನ ತನಕ ಐದಾರು ದೊಡ್ಡ ಹೊಳೆ ದಾಟಬೇಕಿತ್ತು.

ಕೆಳದಿಯ ಶಿವಪ್ಪ ನಾಯಕ ಪೋರ್ಚುಗೀಸರನ್ನು ಇಲ್ಲಿಂದ ಹೊರಹಾಕಿದ. 1665ರ ಫೆಬ್ರುವರಿಯಲ್ಲಿ ಶಿವಾಜಿ ಮಾಲ್ವಣದಿಂದ ಹಡಗುಗಳಲ್ಲಿ ಬಂದು ಬಸರೂರನ್ನು ಸೂರೆ ಮಾಡಿದ. ಮರಾಠಾ ದಳಕ್ಕೂ ಒದಗಿದ ದಾರಿ ಕಡಲೇ. ಆಮೇಲೆ ಪೇಟೆಯ ಕಳೆ ನಿಧಾನವಾಗಿ ಕುಂದಾಪುರಕ್ಕೆ, ಗಂಗೊಳ್ಳಿಗೆ, ಬಾರಕೂರಿನ ಕಡೆಯಲ್ಲಿ ಹಂಗಾರಕಟ್ಟೆಗೆ ಸರಿಯಿತು.

ಕೆಳದಿಯ ನಂತರ ಈ ತೀರವನ್ನು ಆಳಿದ ಮೈಸೂರಿನ ಟಿಪ್ಪುವಿನ ಪತನದೊಂದಿಗೆ 1799ರಲ್ಲಿ ಕನ್ನಡ ಜಿಲ್ಲೆ ಈಸ್ಟ್ ಇಂಡಿಯಾ ಕಂಪೆನಿಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ ಇಲ್ಲಿಯ ಮಳೆಗೂ ಗುಡ್ಡ ಹೊಳೆಗಳಿಗೂ ಬೇಸತ್ತು, ವರ್ಷವೊಂದು ಕಳೆಯುತ್ತಲೇ ಬಳ್ಳಾರಿ ಕಡಪದ ಬಯಲಿಗೆ ವರ್ಗ ಮಾಡಿಸಿಕೊಂಡ. ಗೆದ್ದ ನೆಲವನ್ನು ಅರಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಮೂಲಕ ಭಟ್ಕಳಕ್ಕೆ ಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ದಿನಚರಿಯಲ್ಲಿ ಈ ಊರುಗಳ ಹೆಸರು ಬ್ರಹ್ಮ-ವರ, ಕುಂದ-ಪುರ ಎಂದು ಅಡ್ಡಗೆರೆಯೊಡನೆ ಬರುತ್ತವೆ. ಬುಕಾನನ್ ಪ್ರವಾಸಿಯಲ್ಲ, ಲೆಕ್ಕಿಗ. ಗದ್ದೆಯ ಬಿತ್ತನೆ, ಗೇಣಿ, ತೆಂಗಿನ ಇಳುವರಿ, ಜಾತಿಗಳ ಕಟ್ಟುಪಾಡು ಎಲ್ಲವನ್ನೂ ದುಭಾಷಿಯ ಮೂಲಕ ಕೇಳಿ ಬರೆದುಕೊಂಡ. ಬಂದ ಉತ್ತರಗಳನ್ನು ಅಷ್ಟಾಗಿ ನಂಬಲಿಲ್ಲ. ಕುಂದಾಪುರದ ಸಿಹಿನೀರ ಕೆರೆಯೊಂದರ ಹೂಮೀನನ್ನು ಟಿಪ್ಪುವಿನ ಊಟಕ್ಕೆಂದೇ ಕಾಯ್ದಿರಿಸಲಾಗಿತ್ತು ಎಂಬ ಸಂಗತಿ ಅವನ ಒಣ ಪುಟಗಳ ನಡುವೆ ಸಿಗುವ ರುಚಿಯಾದ ತುಣುಕು. ರಹದಾರಿಯ ಚಿಂತೆ ಅವನಿಗಿರಲಿಲ್ಲ, ಆಳುವವರ ಪೈಕಿಯೇ ಒಬ್ಬ. ಆದರೆ ಡೇರೆ, ಪುಸ್ತಕ, ಗಿಡದ ಮಾದರಿಗಳು ಹೋದದ್ದು ಆಳುಗಳ ತಲೆಯ ಮೇಲೆ, ಹೊಳೆ ಸಿಕ್ಕಲ್ಲಿ ದೋಣಿಯಲ್ಲಿ. ಬತೂತಾನ ಕಾಲಕ್ಕೂ ಇವನ ಕಾಲಕ್ಕೂ ನಡುವೆ ನಾಲ್ಕೂವರೆ ಶತಮಾನ ಕಳೆದಿದ್ದರೂ ಸಾಗುವ ಬಗೆ ಬದಲಾಗಿರಲಿಲ್ಲ.

ಬದಲಾವಣೆ ಬಂದದ್ದು ಹತ್ತೊಂಬತ್ತನೆಯ ಶತಮಾನದ ನಡುವಿನಿಂದೀಚೆಗೆ. ಆಗುಂಬೆ, ಹುಲಿಕಲ್, ಕೊಲ್ಲೂರು ಘಾಟಿಗಳಲ್ಲಿ ಗಾಡಿ ಏರುವಂಥ ರಸ್ತೆಗಳು ಒಂದೊಂದಾಗಿ ಆದವು. ಕರಾವಳಿಯ ರಸ್ತೆಗೆ ಮುರಕಲ್ಲಿನ ಜಲ್ಲಿ ಬಿತ್ತು, ಅಕ್ಕಪಕ್ಕದಲ್ಲಿ ಸಾಲುಮರ, ಊರಿಗೊಂದು ಚತ್ರ, ದೊರೆಗಳಿಗೆ ಬಂಗಲೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಜರ್ಮನ್, ಸ್ವಿಸ್ ಪಾದ್ರಿಗಳು ಜಿಲ್ಲೆಯೊಳಗೆ ತಿರುಗಿದ್ದು ಹೆಚ್ಚಾಗಿ ನಡೆದು ಅಥವಾ ಮಂಚಲಿನಲ್ಲಿ. ಉದ್ದ ಕೋಲಿಗೆ ತೂಗುಹಾಕಿದ ಬಟ್ಟೆಯ ತೊಟ್ಟಿಲಿನಂಥ ಈ ಮಂಚಲನ್ನು ಬೋವಿಗಳು ಎರಡೂ ತುದಿಯಲ್ಲಿ ಹೊತ್ತು, ಹೆಜ್ಜೆಗೆ ಸರಿಯಾಗಿ ಹೂಂಕಾರ ಹಾಕುತ್ತ ಓಡುತ್ತಿದ್ದರು. ರಾತ್ರಿಯ ತಂಪಿನಲ್ಲಿ ದಾರಿ ಸಾಗುತ್ತಿತ್ತು, ಒಳಗಿದ್ದವನು ಮಲಗಿ ನಿದ್ದೆಯನ್ನೂ ಮಾಡಬಹುದಿತ್ತು. ಹೊತ್ತವರ ಹೆಸರನ್ನು ಯಾವ ಪ್ರವಾಸ ಕಥನವೂ ಬರೆದಿಟ್ಟಿಲ್ಲ. ಈ ಕಥನಗಳ ದೊಡ್ಡ ಕೊರತೆ ಇದೇ.

ಕನ್ನಡ ಜಿಲ್ಲೆ ಎರಡಾಗಿ, 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲಿ ಉಳಿಯಿತು. ಘಟ್ಟದ ಮೇಲೆ ಮೈಸೂರು ಮಹಾರಾಜರ ಸಂಸ್ಥಾನ. ಹೀಗೆ ಕುಂದಾಪುರ ತಾಲೂಕು ಮೂರು ಆಡಳಿತಗಳು ಕೂಡುವ ಮೂಲೆಯಾಯಿತು. 1956ರ ನವೆಂಬರ್ 1ರ ತನಕ ಆ ಮೂಲೆ ಮೂಲೆಯಾಗಿಯೇ ಇತ್ತು. ಶಿರೂರಿನಲ್ಲಿ ಮದರಾಸು ಮುಗಿದು ಬೊಂಬಾಯಿ ಶುರು. ಬೈಂದೂರಿನವನಿಗೆ ಭಟ್ಕಳದ ನೆಂಟರ ಮನೆ ಕೂಗಳತೆಯಲ್ಲಿದ್ದರೂ ಕಾಗದಪತ್ರದ ಲೆಕ್ಕದಲ್ಲಿ ಬೇರೆ ಪ್ರಾಂತ. ಯುದ್ಧಕಾಲದ ರೇಷನ್ ದಿನಗಳಲ್ಲಿ ಗಡಿ ದಾಟಿಸುವ ಅಕ್ಕಿಯ ಮೇಲೆ ಕಣ್ಣಿಡಲಾಯಿತು. ಸ್ವಾತಂತ್ರ್ಯದ ನಂತರ ಬೊಂಬಾಯಿ ಕಡೆ ಬಸ್ಸುಗಳು ಸರಕಾರದವಾದರೆ, ಶಿರೂರಿನಿಂದ ತೆಂಕಕ್ಕೆ ಖಾಸಗಿ ಕಂಪೆನಿಗಳವೇ. ಆ ವ್ಯತ್ಯಾಸದ ಗುರುತು ಇನ್ನೂ ಅಳಿಸಿಲ್ಲ. ಕುಂದಾಪುರ, ಉಡುಪಿ, ಮಂಗಳೂರು ದಾರಿಯಲ್ಲಿ ಇಂದಿಗೂ ಖಾಸಗಿ ಬಸ್ಸುಗಳದೇ ಸಾಮ್ರಾಜ್ಯ.

ಮೋಟಾರು ಬಂದರೂ ಹೊಳೆ ಹೊಳೆಯಾಗಿಯೇ ಉಳಿದಿತ್ತು. ಸಿ.ಪಿ.ಸಿ., ಹನುಮಾನ್, ಶಂಕರ ವಿಠಲ ಮುಂತಾದ ಬಸ್ಸುಗಳು ಓಡುತ್ತಿದ್ದದ್ದು ಕಡವಿನಿಂದ ಕಡವಿಗೆ. ಮಂಗಳೂರಿನಲ್ಲಿ ಬಸ್ಸು ಹತ್ತಿದವನು ಹೊಳೆಯ ದಡದಲ್ಲಿ ಇಳಿದು, ಗಂಟು ಹೊತ್ತು ದೋಣಿ ಏರಿ, ಆಚೆ ದಡದಲ್ಲಿ ಕಾದು ನಿಂತ ಇನ್ನೊಂದು ಬಸ್ಸಿಗೆ ಓಡಬೇಕು. ಹೀಗೆ ನಾಲ್ಕಾರು ಬಾರಿ. ಸ್ವಂತ ಕಾರಿದ್ದವರಿಗೆ ಜೋಡಿ ದೋಣಿಗಳ ಮೇಲೆ ಹಲಗೆ ಹಾಸಿದ ತೆಪ್ಪವೇ ಸೇತುವೆ. ಉಬ್ಬರ ಇಳಿತ ನೋಡಿ, ಗಾಳಿ ನೋಡಿ, ಗಾಲಿಗೆ ಕಲ್ಲು ಕೊಟ್ಟು ಜಲ್ಲೆ ಊರಿ ದಾಟಿಸುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ, ಅದರ ಅನಿಲದಲ್ಲಿ ಓಡಿಸಿದರು. ಏರು ಸಿಕ್ಕಲ್ಲಿ ಪ್ರಯಾಣಿಕರು ಇಳಿದು ನೂಕಬೇಕಿತ್ತು. ಹಾಲಾಡಿ ಹೊಳೆಯಲ್ಲಿ, ಗಂಗೊಳ್ಳಿ ಕುಂದಾಪುರಗಳ ನಡುವೆ ದೋಣಿ ಮತ್ತು ಲಾಂಚುಗಳ ಓಡಾಟ ಬಹುಕಾಲ ನಡೆಯಿತು. ಬೊಂಬಾಯಿಯ ಹೋಟೆಲುಗಳಿಗೆ ಹೊರಟ ಹುಡುಗರು ಕರಾವಳಿಯ ಉಗಿಹಡಗು ಹತ್ತುತ್ತಿದ್ದರು. ಮಳೆಗಾಲದಲ್ಲಿ ಹಡಗು ನಿಂತಾಗ ಘಟ್ಟ ಹತ್ತಿ ರೈಲು ಹಿಡಿಯಬೇಕು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕಲ್ಯಾಣಪುರ, ಮಾಬುಕಳ, ಕುಂದಾಪುರದ ಸಂಗಮ್, ಅರಾಟೆ ಮುಂತಾದೆಡೆ ಕಾಂಕ್ರೀಟು ಸೇತುವೆಗಳು ಎದ್ದ ಮೇಲೆ ಕಡವಿನ ಕಾಲ ಮುಗಿಯಿತು. ಪನ್ವೇಲಿನಿಂದ ಇಡಪ್ಪಳ್ಳಿಯ ತನಕದ ರಾಷ್ಟ್ರೀಯ ಹೆದ್ದಾರಿ 17 ಈ ಸೇತುವೆಗಳ ಮೇಲೆ ಹಾದುಹೋಯಿತು. 2010ರ ಮರುಸಂಖ್ಯೆಯಲ್ಲಿ ಅದು 66 ಆಯಿತು. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಡಾಂಬರು. ಇಂದು ಪ್ರವಾಸಿಗರು ಫೋಟೋಕ್ಕೆ ನಿಲ್ಲುವ ಈ ಜಾಗದಲ್ಲಿ ರಸ್ತೆಗೆ ಬೇರೆ ಜಾಗವೇ ಇರಲಿಲ್ಲ. ಬೈಂದೂರಿನ ಒತ್ತಿನೆಣೆಯಲ್ಲಿ ಚತುಷ್ಪಥಕ್ಕಾಗಿ ಕಡಿದ ಗುಡ್ಡ ಮಳೆಗಾಲದಲ್ಲಿ ಕುಸಿಯುತ್ತದೆ. ಮಂಗಳೂರು ಕಡೆಯಿಂದ ಕೊಂಕಣ ರೈಲು 1993ರಲ್ಲಿ ಉಡುಪಿ ಮುಟ್ಟಿ, 1998ರ ಜನವರಿಯಲ್ಲಿ ಇಡೀ ಮಾರ್ಗ ತೆರೆಯಿತು. ಬಾರಕೂರು, ಕುಂದಾಪುರ, ಸೇನಾಪುರ, ಬಿಜೂರು, ಮೂಕಾಂಬಿಕಾ ರೋಡ್ ಬೈಂದೂರು, ಶಿರೂರು ಎಂಬ ನಿಲ್ದಾಣಗಳಿಂದ ಗೋವೆಗೂ ಮುಂಬಯಿಗೂ ನೇರ ದಾರಿಯಾಯಿತು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಬೇರೆ ತಾಲೂಕುಗಳಾದವು.

ಸೇತುವೆಗಳ ನಂತರವೇ ಇಲ್ಲಿ ವಿದೇಶಿಯೊಬ್ಬ ತಾನೇ ವಾಹನ ನಡೆಸಿಕೊಂಡು ಹೋಗುವುದು ಸುಲಭವಾದದ್ದು. ಅದಕ್ಕೂ ರಹದಾರಿ ಬೇಕು. ರಸ್ತೆ ಸಂಚಾರದ ಬಗ್ಗೆ 1949ರಲ್ಲಿ ಜಿನೀವಾದಲ್ಲಾದ ಒಪ್ಪಂದಕ್ಕೆ ಭಾರತವೂ ಸೇರಿದೆ. ಅದರಂತೆ ತನ್ನ ದೇಶದಲ್ಲಿ ಪಡೆದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯಿದ್ದರೆ ಒಂದು ವರ್ಷ ಇಲ್ಲಿ ಗಾಡಿ ಓಡಿಸಬಹುದು. ಸ್ವಂತ ವಾಹನವನ್ನು ಭೂಮಾರ್ಗವಾಗಿ ತರುವವರು ಅದನ್ನು ಮರಳಿ ಒಯ್ಯುವ ಭರವಸೆಯ ಸುಂಕದ ಪುಸ್ತಕ ತೋರಿಸಬೇಕು. ಚಾಲಕನಿಲ್ಲದೆ ಕಾರು ಬಾಡಿಗೆಗೆ ಕೊಡಲು 1989ರ ಯೋಜನೆ, ಬೈಕಿಗೆ 1997ರದು ದಾರಿ ಮಾಡಿದವು. ಅಂಥ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ. ಗೋವೆಯಿಂದ ಗೋಕರ್ಣ ಹಾದು ಕೇರಳಕ್ಕೆ ಹೋಗುವ ಬೈಕಿನವರು ಶಿರೂರಿನ ಟೋಲ್ ಕಳೆದು ಬೈಂದೂರು ತಾಲೂಕಿಗೆ ಬರುತ್ತಾರೆ. ಸಾಸ್ತಾನದ ಟೋಲ್ ದಾಟಿದರೆ ಬ್ರಹ್ಮಾವರ. ಟೋಲಿನಲ್ಲಿ ಬೈಕಿಗೆ ಶುಲ್ಕವಿಲ್ಲ, ಕಾರಿಗೆ ಉಂಟು.

ಬಲಬದಿಯಲ್ಲಿ ಓಡಿಸಿ ರೂಢಿಯಾದವನಿಗೆ ಎಡಬದಿಯ ದಾರಿ ಒಂದೆರಡು ದಿನದಲ್ಲಿ ಒಗ್ಗುತ್ತದೆ. ಒಗ್ಗದೆ ಉಳಿಯುವುದು ಊರಿನ ರೂಢಿ: ಸುತ್ತು ಉಳಿಸಲು ವಿರುದ್ಧ ದಿಕ್ಕಿನಲ್ಲಿ ಬರುವ ಸ್ಕೂಟರು, ಕೈ ಅಡ್ಡ ಹಿಡಿದಲ್ಲೆಲ್ಲ ನಿಲ್ಲುವ ಬಸ್ಸು, ಮೀನು ಲಾರಿಯಿಂದ ಸೋರಿದ ನೀರಿಗೆ ಜಾರುವ ತಿರುವು. ಕೊಲ್ಲೂರಿನ ದಾರಿಯಲ್ಲಿ ಕೇರಳದ ಭಕ್ತರಿಗಾಗಿ ಮಲಯಾಳಂ ಫಲಕಗಳಿವೆ. ಒಳದಾರಿಯ ಊರುಗಳಲ್ಲಿ ಹೆಚ್ಚಿನವು ಕನ್ನಡದಲ್ಲಿ ಮಾತ್ರ. ಹಾಗಾಗಿ ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿದೇಶಿಯರಲ್ಲಿ ಬಹಳ ಮಂದಿ ಕಾರಿನ ಜೊತೆ ಚಾಲಕನನ್ನೂ ಬಾಡಿಗೆಗೆ ಹಿಡಿಯುತ್ತಾರೆ. ದರ ಮೊದಲೇ ಗೊತ್ತು ಮಾಡಿಕೊಳ್ಳುವುದು, ಅವನ ಊಟ ಮತ್ತು ರಾತ್ರಿಯ ಭತ್ಯೆ ಕೊಡುವುದು ವಾಡಿಕೆ. ದಾರಿ, ಭಾಷೆ, ಊಟದ ಹೋಟೆಲು, ದೇವಸ್ಥಾನದ ಬಾಗಿಲು ತೆರೆಯುವ ಹೊತ್ತು, ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ಅಂಗಿ ತೆಗೆಯಬೇಕು ಎಂಬುದೆಲ್ಲ ಅವನ ಜವಾಬ್ದಾರಿ.